ಹೆಗಲು ಮುಟ್ಟಿಕೊಳ್ಳೋಕೂ ಚಂದಾ

ಕಳಿಸಿದವರು, ಪಡೆದವರು ಬಿಟ್ಟು ಬೇರೆ ಯಾರೂ ಓದಲಾಗದಂತೆ ಸಂದೇಶ ಕಳಿಸುವ ಸಿಗ್ನಲ್ ಆಪ್ ಪುಕ್ಕಟೆ. ಅದರ ಕೋಡ್ ಯಾರು ಬೇಕಾದರೂ ತೆರೆದು ನೋಡಬಹುದು. 2016ರಲ್ಲಿ ಅಮೆರಿಕದ ಗ್ರ್ಯಾಂಡ್ ಜ್ಯೂರಿಯೊಂದು (ಅಪರಾಧದ ಆರೋಪ ಪರಿಶೀಲಿಸುವ ನಾಗರಿಕರ ಮಂಡಳಿ) ಬಳಕೆದಾರನ ಮಾಹಿತಿ ಕೇಳಿದಾಗ ಸಿಗ್ನಲ್‌ನವರ ಹತ್ತಿರ ಕೊಡೋಕಿದ್ದದ್ದು ಎರಡೇ: ಖಾತೆ ತೆರೆದ ಹೊತ್ತು, ಕೊನೆಯ ಸಲ ಬಂದು ಹೋದ ದಿನ.

ಆದರೆ ಟನ್ ಲೆಕ್ಕದಲ್ಲಿ ಕೊಕೇನ್ ಸಾಗಿಸುವವನಿಗೆ ಪುಕ್ಕಟೆ ಮಾಲು ಹಿಡಿಸಬೇಕಲ್ಲ? ಅಜ್ಜಿ ಮೊಮ್ಮಗಳ ಫೋಟೊ ಕಳಿಸುವ ಆಪ್‌ನಲ್ಲೇ ಅವನೂ ವ್ಯವಹಾರ ಮಾಡೋದಾ? ಮರ್ಯಾದೆ ಪ್ರಶ್ನೆ ಅಲ್ವಾ!

ಹಾಗಾಗಿ ಎನ್‌ಕ್ರೊಚಾಟ್ ಬಂತು, ತನ್ನದೇ ಫೋನಿನ ಜೊತೆ ಮಾರುವ ಗುಟ್ಟಿನ ಚಾಟ್ ಸೇವೆ. ಫೋನಿಗೆ ಸುಮಾರು 1,000 ಯೂರೊ, ಆರು ತಿಂಗಳ ಚಂದಾ 1,500. ಕ್ಯಾಮೆರಾ, ಮೈಕ್, ಜಿಪಿಎಸ್ ಕಿತ್ತು ಹಾಕಿದ ಫೋನ್. ಇಷ್ಟು ದುಡ್ಡು ಕೊಟ್ಟು ಇಷ್ಟು ಕಡಿಮೆ ಪಡೆದ ಗ್ರಾಹಕರನ್ನು ನಾನಂತೂ ಕಂಡಿಲ್ಲ. ನಿಜ, ಫೋನ್ ನಂಬರ್ ಕೊಡಬೇಕಿರಲಿಲ್ಲ, ಒಂದು ಪಿನ್ ಒತ್ತಿದರೆ ಎಲ್ಲ ಅಳಿಸಿಹೋಗುತ್ತಿತ್ತು. ಆದರೆ ಸುಮಾರು 60,000 ಗಿರಾಕಿಗಳ ಮಾತೆಲ್ಲ ಹಾದು ಹೋಗುತ್ತಿದ್ದ ಸರ್ವರ್ ಫ್ರಾನ್ಸಿನಲ್ಲಿತ್ತು. 2020ರಲ್ಲಿ ಫ್ರೆಂಚ್ ಪೊಲೀಸರು ಅಲ್ಲಿಂದಲೇ ಒಳಗೆ ನುಗ್ಗಿದರು. ಜನಸಾಗರದಲ್ಲಿ ಅಡಗಬೇಕಾದವರು ತಾವೇ ಬಂದು ಒಂದೇ ಬುಟ್ಟಿಯಲ್ಲಿ ಕೂತಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವರು ಹಾಗೆ ಮುಟ್ಟಿಕೊಳ್ಳೋಕೆ ಚಂದಾ ಕಟ್ಟಿದರು. 2023ರ ಹೊತ್ತಿಗೆ ಲೆಕ್ಕ ಹಾಕಿದರೆ 6,558 ಬಂಧನ.

ಬುದ್ಧಿ ಬಂತಾ? ಸ್ಕೈ ಇಸಿಸಿ ಅನ್ನೋ ಅಂಥದ್ದೇ ಇನ್ನೊಂದು ಸೇವೆ ಕಡೆ ಓಡಿದರು. 2021ರ ಮಾರ್ಚ್‌ನಲ್ಲಿ ಅದೂ ಬಿತ್ತು. ಅಲ್ಲಿಂದ ಅನೋಮ್ ಅನ್ನೋ ಮತ್ತೊಂದಕ್ಕೆ.

ಅನೋಮ್ ಸುಮ್ನೆ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಪರಿಚಯದ ಇನ್ನೊಬ್ಬ ಕಳ್ಳ ಶಿಫಾರಸು ಮಾಡಬೇಕು. ಫೋನಿನಲ್ಲಿ ಕಾಣೋದು ಒಂದು ಕ್ಯಾಲ್ಕ್ಯುಲೇಟರ್. ಗುಟ್ಟಿನ ಸಂಖ್ಯೆ ಒತ್ತಿದರೆ ಚಾಟ್ ತೆರೆಯುತ್ತದೆ. ಎಂಥಾ ಜಾಣತನ! ಒಂದೇ ಸಣ್ಣ ತೊಡಕು: ಅಂಗಡಿಯ ಹಿಂದಿದ್ದದ್ದು ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ. ಪ್ರತಿ ಸಂದೇಶದ ಒಂದು ಪ್ರತಿ ನೇರ ಪೊಲೀಸರಿಗೆ. ಸುಮಾರು 12,000 ಫೋನ್, 2.7 ಕೋಟಿ ಸಂದೇಶ, ಕೊನೆಗೆ 2021ರ ಜೂನ್‌ನಲ್ಲಿ 800ಕ್ಕೂ ಜಾಸ್ತಿ ಬಂಧನ. ತಮ್ಮ ಮಾತು ಕದ್ದು ಕೇಳಿದ್ದಕ್ಕೆ ಪೊಲೀಸರಿಗೇ ಫೀಸು ಕಟ್ಟಿ, ಅವಧಿ ಮುಗಿದಾಗ ಮರೆಯದೆ ನವೀಕರಿಸಿದ್ದರು.

ಇತ್ತ ಸರ್ಕಾರಗಳು ಮಾತ್ರ ಕಳ್ಳರ ಹೆಸರು ಹೇಳಿ ಅಜ್ಜಿಯ ಆಪ್‌ಗೆ ಹಿಂಬಾಗಿಲು, ಅಂದರೆ ತಾವು ಒಳಗಿನ ಮಾತು ಓದೋಕೆ ಗುಟ್ಟಿನ ದಾರಿ, ಕೇಳುತ್ತಲೇ ಇವೆ.

ಕಳ್ಳರು? 2024ರಲ್ಲಿ ಪೊಲೀಸರು ಘೋಸ್ಟ್ ಅನ್ನೋ ಇನ್ನೊಂದನ್ನು ಮುರಿದರು. ಆರು ತಿಂಗಳ ಚಂದಾ ಸೇರಿ ಸುಮಾರು 2,350 ಆಸ್ಟ್ರೇಲಿಯನ್ ಡಾಲರ್. ಟೆಕ್ ಸಪೋರ್ಟ್ ಬೇರೆ ಇತ್ತಂತೆ.