ಕೆಬಿ ಬಾಯಿಯದಲ್ಲ, ಹೀಲಾ!
ಲ್ಯಾಬಿನಲ್ಲಿ ಬೆಳೆಸಿದ ಬಾಯಿ ಕ್ಯಾನ್ಸರ್ ಕೋಶಗಳ ಮೇಲೆ ಔಷಧ ಪರೀಕ್ಷಿಸುವ ಕುರಿತ ಲೇಖನ ಚೆನ್ನಾಗಿದೆ, ಆದರೆ ಅದರಲ್ಲಿರುವ 'ಕೆಬಿ ಕೋಶಗಳು ಬಾಯಿ ಕ್ಯಾನ್ಸರಿನ ಮಾದರಿ' ಎಂಬ ಮಾತು ತಪ್ಪು. ಕೆಬಿ ಅನ್ನೋದು ಲ್ಯಾಬುಗಳಲ್ಲಿ ಬೆಳೆಸುತ್ತಾ ಬಂದ ಒಂದು ಬಗೆಯ ಕೋಶಗಳ ಹೆಸರು. 1954ರಲ್ಲಿ ಬಾಯಿಯ ಗಡ್ಡೆಯಿಂದ ಬೆಳೆಸಿದ್ದು ಅಂತಲೇ ಅದನ್ನು ಹಂಚಿದರು, ನಿಜ. ಆಮೇಲೆ ಪರೀಕ್ಷೆ ಮಾಡಿದರೆ ಸಿಕ್ಕಿದ್ದು ಹೀಲಾ. ಅಂದರೆ 1951ರಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಅವರ ಗರ್ಭಕೊರಳಿನ ಗಡ್ಡೆಯಿಂದ ತೆಗೆದ ಕೋಶಗಳು! ಹೀಲಾ ಎಷ್ಟು ಜೋರಾಗಿ ಬೆಳೆಯುತ್ತದೆ ಎಂದರೆ, ಬೇರೆ ಕೋಶ ಬೆಳೆಯುತ್ತಿರುವ ಪಕ್ಕದ ಫ್ಲಾಸ್ಕಿಗೆ ಒಂದು ಹನಿ ಸಿಡಿದರೂ ಸಾಕು, ಮೊದಲಿದ್ದವನ್ನು ಮೀರಿಸಿಬಿಡುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿ ಗುರುತು ಹಿಡಿಯೋದು ಕಷ್ಟ, ಡಿಎನ್‌ಎ ಗುರುತು ಪರೀಕ್ಷೆಯೇ ಬೇಕು.

ನಾನು ಕಲಬುರಗಿಯಲ್ಲಿ ಎಂಎಸ್ಸಿ ಓದುವಾಗ ಎರಡು ವರ್ಷ ಕೋಶ ಬೆಳೆಸುವ ಕೆಲಸ ಮಾಡಿದ್ದೇನೆ. ಕೋಶ ಬೆಳೆಸುವ ಪೆಟ್ಟಿಗೆ, ಅಂದರೆ ಇನ್‌ಕ್ಯುಬೇಟರಿನಲ್ಲಿ, 37 ಡಿಗ್ರಿ, ಶೇ 5 ಕಾರ್ಬನ್ ಡೈಆಕ್ಸೈಡ್ ಇರಬೇಕು ಅಂತ ಬರೆಯೋದು ಸುಲಭ. ಮೇ ತಿಂಗಳಲ್ಲಿ ಕರೆಂಟ್ ಹೋಗಿ, ಜನರೇಟರ್ ಶುರುವಾಗದೆ, ಹೊರಗಿನ ಬಿಸಿಲೇ ಇನ್‌ಕ್ಯುಬೇಟರಿಗಿಂತ ಜಾಸ್ತಿ ಇದ್ದ ದಿನಗಳೂ ಇದ್ದವು. ಒಂದು ಸೋಮವಾರ ಬಾಗಿಲು ತೆಗೆದರೆ ಕೆಂಪಗಿರಬೇಕಾದ ಪೋಷಕ ದ್ರವ ನಿಂಬೆಹಣ್ಣಿನ ಹಳದಿಯಾಗಿ, ಮಬ್ಬಾಗಿ ನಿಂತಿತ್ತು. ಬ್ಯಾಕ್ಟೀರಿಯಾ! ಮೂರು ವಾರದ ಕೆಲಸ ಬ್ಲೀಚಿಗೆ ಹೋಯಿತು.

ಇನ್ನೊಂದು ಮಾತು. ಬಾಯಿ ಕ್ಯಾನ್ಸರ್ ಸಂಶೋಧನೆಯಲ್ಲಿ ಹೆಚ್ಚು ಬಳಸುವ ಕೋಶಗಳಾದ ಕ್ಯಾಲ್-27, ಎಸ್‌ಸಿಸಿ-9 ಎರಡೂ ನಾಲಿಗೆಯ ಗಡ್ಡೆಯವು. ನಮ್ಮ ಕಡೆ ತಂಬಾಕು ಸುಣ್ಣ ತಿಕ್ಕಿ ಕೆನ್ನೆ-ಒಸಡಿನ ನಡುವೆ ಇಟ್ಟುಕೊಳ್ಳುತ್ತಾರೆ, ಹುಣ್ಣು ಶುರುವಾಗೋದೂ ಅಲ್ಲೇ. ನಮ್ಮ ಕಾಕಾಗೂ ಎಡಗೆನ್ನೆಯಲ್ಲೇ ಆಗಿತ್ತು. ಆ ಜಾಗದ ಕೋಶಗಳ ಮೇಲೂ ಔಷಧ ನೋಡಬೇಕಲ್ವಾ?