‘ನಮ್ಮೂರಲ್ಲೂ ಇದೇ ಗಿಳಿ ಇದೆಯಲ್ಲ’ ಅಂದವರಿಗೆ

ಮಾರಿಷಸ್‌ನಿಂದ ಬಂದು ನಾಲ್ಕು ದಿನ ಆಯಿತು, ಸಿಟ್ಟು ಇನ್ನೂ ಇಳಿದಿಲ್ಲ. ಸಮುದ್ರದ ಫೋಟೋ ಹಾಕು ಅಂತ ಎಲ್ಲರೂ ಕೇಳುತ್ತಿದ್ದೀರಿ. ಹಾಕುತ್ತೇನೆ, ಮೊದಲು ಇದನ್ನು ಹೇಳಿ ಮುಗಿಸುತ್ತೇನೆ.

ನಾನು ಅಲ್ಲಿಗೆ ಹೋಗಿದ್ದೇ ಒಂದು ಹಕ್ಕಿಗಾಗಿ, ಅದು ನಿಮಗೆಲ್ಲ ಗೊತ್ತು. ಎಕೋ ಗಿಳಿ, ಮಾರಿಷಸ್‌ನಲ್ಲಿ ಮಾತ್ರ ಇರುವ ಹಸಿರು ಗಿಳಿ. ಬ್ಲ್ಯಾಕ್ ರಿವರ್ ಗಾರ್ಜಸ್ ಕಾಡಿನಲ್ಲಿ ಎರಡು ಬೆಳಗ್ಗೆ ಕಾದೆ, ಸಿಗಲಿಲ್ಲ. ಮೂರನೇ ದಿನ ಕಾಲುದಾರಿ ಪಕ್ಕದ ಮರಕ್ಕೆ ಒಂದು ಹೆಣ್ಣು ಬಂದು ಕೂತಿತು. ಎರಡಾಳು ಎತ್ತರ, ಅಷ್ಟೇ. ಕಾಲಲ್ಲಿ ಬಣ್ಣದ ಉಂಗುರ. ಒಂದು ಎಲೆ ಕಿತ್ತು, ಕಾಲಲ್ಲಿ ಹಿಡಿದುಕೊಂಡು, ತೊಟ್ಟಿನ ಕಡೆಯಿಂದ ನಿಧಾನವಾಗಿ ಕಡಿಯತೊಡಗಿತು. ಚೂರುಗಳು ನನ್ನ ಭುಜದ ಮೇಲೆ ಬೀಳುತ್ತಿದ್ದವು. ಉಸಿರು ಬಿಗಿಹಿಡಿದು ನಿಂತಿದ್ದೆ.

ಅಷ್ಟೊತ್ತಿಗೆ ಹಿಂದಿನಿಂದ ನಮ್ಮ ಕನ್ನಡದವರದೇ ಒಂದು ಗುಂಪು ಬಂತು. ಬಸ್ಸಿನಲ್ಲಿ ಪರಿಚಯ ಆಗಿದ್ದವರು. ಅವರಲ್ಲೊಬ್ಬರು ತಲೆ ಎತ್ತಿ ನೋಡಿ, “ಗಿಳಿನಾ? ನಮ್ಮೂರಲ್ಲೂ ಇದೇ ಇದೆಯಲ್ಲ ಮೇಡಂ, ಇದನ್ನ ನೋಡೋಕೆ ಇಷ್ಟು ದೂರ ಬಂದ್ರಾ?” ಅಂದುಬಿಟ್ಟು ಮುಂದೆ ಹೋದರು.

ಇದೇ ಅಲ್ಲ ಸ್ವಾಮಿ. ಇದೇ ಅಲ್ಲ.

ನೋಡಲು ಹತ್ತಿರದ ನೆಂಟ, ನಿಜ. ಗಂಡಿಗೆ ಅದೇ ಕೆಂಪು ಕೊಕ್ಕು, ಕೊರಳಲ್ಲಿ ಅದೇ ಕಪ್ಪು ಗೆರೆ, ಗುಲಾಬಿ ಪಟ್ಟಿ. ಆದರೆ ನಮ್ಮ ಗಿಳಿಯಲ್ಲಿ ಗಂಡು ಹೆಣ್ಣು ಎರಡಕ್ಕೂ ಕೊಕ್ಕು ಕೆಂಪು. ಇಲ್ಲಿ ಬೆಳೆದ ಹೆಣ್ಣಿನ ಕೊಕ್ಕು ಕಪ್ಪು. ಮೈ ದಪ್ಪ, ಬಾಲ ಗಿಡ್ಡ, ಹಸಿರು ಇನ್ನೂ ಗಾಢ, ರೆಕ್ಕೆ ಅಗಲ. ನಮ್ಮ ಗಿಳಿ ಬಾಣ ಬಿಟ್ಟ ಹಾಗೆ ಕಿರುಚಿಕೊಂಡು ಹೋಗುತ್ತದೆ. ಇದು ಮರಗಳ ಸಂದಿಯಲ್ಲಿ ತಿರುಗಿ ತಿರುಗಿ ನಿಧಾನಕ್ಕೆ ಹಾರುತ್ತದೆ. ಹುಟ್ಟಿದ್ದೇ ಆ ಕಾಡಿಗಾಗಿ. ತಿನ್ನುವುದೂ ಅಲ್ಲಿನ ಮರಗಳ ಎಲೆ, ಹೂವು, ಕಾಯಿ. ಆ ಸುತ್ತಿನ ದ್ವೀಪಗಳಲ್ಲಿ ಹಿಂದೆ ಹಲವು ಜಾತಿ ಗಿಳಿಗಳಿದ್ದವು. ಪಕ್ಕದ ರೊಡ್ರಿಗಸ್ ದ್ವೀಪದ ಗಿಳಿ 1875ರ ನಂತರ ಮತ್ತೆ ಸಿಗಲೇ ಇಲ್ಲ. ಎಲ್ಲವೂ ಹೋಗಿ ಉಳಿದಿರುವುದು ಇದೊಂದೇ. ಇದೊಂದೇ!

ಮತ್ತೆ ‘ನಮ್ಮೂರ ಗಿಳಿ’ ಅಂದರಲ್ಲ, ಅದು ಕೂಡ ಅಲ್ಲಿದೆ. ಬೇಕಾದಷ್ಟಿದೆ. 1886ರ ಸುಮಾರಿಗೆ ಜನ ಒಯ್ದ ಗಿಳಿಗಳು ತಪ್ಪಿಸಿಕೊಂಡವು, ಆಮೇಲೆ ದ್ವೀಪದ ತುಂಬ ಹಬ್ಬಿದವು. ಎಕೋ ಗಿಳಿಗೆ ಮೊಟ್ಟೆ ಇಡಲು ಹಳೇ ಮರದ ಪೊಟರೆ ಬೇಕು. ಡಚ್ಚರು 1638ರಲ್ಲಿ ಬಂದು ಕರಿಮರ (ಎಬೊನಿ) ಕಡಿಯಲು ಶುರು ಮಾಡಿದ್ದು, ಆಮೇಲೆ ಕಬ್ಬು, ಟೀ ಅಂತ ಕಾಡು ಬೋಳಾಗಿದ್ದು. ಈಗ ಚೆನ್ನಾಗಿರುವ ಮೂಲ ಕಾಡು ದ್ವೀಪದ ನೂರರಲ್ಲಿ ಎರಡು ಪಾಲೂ ಇಲ್ಲ. ಉಳಿದಿರುವ ನಾಲ್ಕು ಪೊಟರೆಗೂ ನಮ್ಮ ಗಿಳಿ ಪೈಪೋಟಿಗೆ ನಿಲ್ಲುತ್ತದೆ. ಇಲಿ, ಮಂಗ ಮೊಟ್ಟೆ ಮರಿ ಬಿಡುವುದಿಲ್ಲ. ಇವನ್ನೂ ಹೊರಗಿನಿಂದ ತಂದವರು ಮನುಷ್ಯರೇ. ಕಾಡಿನೊಳಗೆ ಎಲ್ಲಿ ನೋಡಿದರೂ ಹೊರಗಿನಿಂದ ಬಂದ ಸೀಬೆ ಜಾತಿಯ ಗಿಡ, ಸ್ಥಳೀಯ ಸಸಿ ಮೇಲೇಳಲು ಜಾಗವೇ ಇಲ್ಲ.

1980ರ ದಶಕದಲ್ಲಿ ಎಣಿಸಿದಾಗ ಸಿಕ್ಕಿದ್ದು ಹತ್ತರ ಆಸುಪಾಸು ಹಕ್ಕಿ. ಅದರಲ್ಲಿ ಹೆಣ್ಣು ಮೂರು. ಇಡೀ ಜಾತಿಯಲ್ಲಿ ಮೂರು ಹೆಣ್ಣು! ನಾನು ನಿಂತು ನೋಡಿದ ಆ ಕಪ್ಪು ಕೊಕ್ಕಿನವಳು ಆ ಕೆಲವೇ ಹಕ್ಕಿಗಳ ವಂಶದವಳು.

“ಅಷ್ಟು ಕಡಿಮೆ ಆದಮೇಲೆ ಹೋಗಲಿ ಬಿಡಿ, ಪ್ರಕೃತಿಯಲ್ಲಿ ಇದೆಲ್ಲ ಇದ್ದದ್ದೇ, ಆ ಜಾಗಕ್ಕೆ ಇನ್ನೊಂದು ಗಿಳಿ ಬಂದಿದೆಯಲ್ಲ” ಅಂತ ಹೋಟೆಲಿನಲ್ಲಿ ರಾತ್ರಿ ಊಟಕ್ಕೆ ಕೂತಾಗ ಅದೇ ಗುಂಪಿನ ಇನ್ನೊಬ್ಬರು ವಾದ ಮಾಡಿದರು. ಪ್ರಕೃತಿ ಎಲ್ಲಿಂದ ಬಂತು ಇಲ್ಲಿ? ಕಾಡು ಕಡಿದದ್ದು, ಇಲಿ ತಂದದ್ದು, ಮಂಗ ಬಿಟ್ಟದ್ದು ಪ್ರಕೃತಿಯಾ? ಇನ್ನು ಜಾಗ ತುಂಬುವ ಮಾತು. ನಮ್ಮ ಗಿಳಿ ಜಾಸ್ತಿ ಇರುವುದು ತೋಟ, ಊರಿನ ಮರಗಳಲ್ಲಿ. ಆ ಕಾಡಿನ ಬಾಳು ಅದಕ್ಕೆ ಗೊತ್ತಿಲ್ಲ.

ಹೇಳಲೋ ಬೇಡವೋ ಅಂದುಕೊಂಡಿದ್ದೆ, ಹೇಳಿಬಿಡುತ್ತೇನೆ. ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಪಂಜರದ ಗಿಳಿ ಇತ್ತು. ರೆಕ್ಕೆ ಕತ್ತರಿಸಿದ್ದರು. ಒಂದು ಬೆಳಗ್ಗೆ ಅದು ಸತ್ತು ಬಿದ್ದಿತ್ತು. ನನ್ನ ಅಳು ನೋಡಲಾರದೆ ಅಪ್ಪ ಸಂಜೆಯೊಳಗೆ ಇನ್ನೊಂದನ್ನು ತಂದು ಅದೇ ಪಂಜರದಲ್ಲಿ ಇಟ್ಟರು. ನಾನು ಅದನ್ನು ಅದೇ ಹೆಸರಿನಿಂದ ಕರೆದೆ. ಮಾರನೇ ದಿನದಿಂದ ಅಳಲಿಲ್ಲ. ಆ ‘ಇದೇ ಇದೆಯಲ್ಲ’ ಕೇಳಿದಾಗ ನೆತ್ತಿಗೇರಿದ ಸಿಟ್ಟಿನಲ್ಲಿ ಅರ್ಧ ನನ್ನ ಮೇಲಿನದೇ.

ಆ ಮೂರು ಹೆಣ್ಣುಗಳನ್ನು ಬಿಟ್ಟುಕೊಡದ ಜನ ಇದ್ದರು. ಜೀವಶಾಸ್ತ್ರಜ್ಞ ಕಾರ್ಲ್ ಜೋನ್ಸ್ 1979ರಲ್ಲಿ ಮಾರಿಷಸ್‌ಗೆ ಬಂದವರು. ಅವರು, ಅಲ್ಲಿನ ವನ್ಯಜೀವಿ ಸಂಸ್ಥೆಯ ಹುಡುಗ ಹುಡುಗಿಯರು ಪೊಟರೆ ಪೊಟರೆ ಹತ್ತಿದರು. ಎಕೋ ಗಿಳಿ ಎರಡರಿಂದ ನಾಲ್ಕು ಮೊಟ್ಟೆ ಇಡುತ್ತದೆ, ಆದರೆ ಕೊನೆಗೆ ಹುಟ್ಟಿದ ಬಡಕಲು ಮರಿ ಹೆಚ್ಚಾಗಿ ಹಸಿವಿನಲ್ಲಿ ಸಾಯುತ್ತಿತ್ತು. ಅಂಥ ಮರಿಯನ್ನು ಎತ್ತಿಕೊಂಡು ಬಂದು ಕೈಯಾರೆ ತಿನ್ನಿಸಿ ಬೆಳೆಸಿದರು, ಇಲ್ಲವೇ ಮರಿಯಿಲ್ಲದ ಜೋಡಿಯ ಗೂಡಿಗೆ ಇಟ್ಟರು. ಮರದ ಪೆಟ್ಟಿಗೆ ಗೂಡು ಕಟ್ಟಿದರು, ಮೇವಿನ ಡಬ್ಬ ತೂಗುಹಾಕಿದರು, ಇಲಿ ಹಿಡಿದರು. 1997ರಿಂದ ಸಾಕಿದ ಹಕ್ಕಿಗಳನ್ನು ಕಾಡಿಗೆ ಬಿಟ್ಟರು. 2005ರ ಸುಮಾರಿಗೆ ಗರಿ ಉದುರಿ ಕೊಕ್ಕು ಕೆಡುವ ವೈರಸ್ ಕಾಯಿಲೆ ಬಂತು, ಎಷ್ಟೋ ಮರಿ ಹೋದವು, ಆದರೂ ಕೈ ಬಿಡಲಿಲ್ಲ. 2019ರ ಹೊತ್ತಿಗೆ ಕಾಡಿನಲ್ಲಿ ಸುಮಾರು 750 ಹಕ್ಕಿ. ಹತ್ತರಿಂದ ಅಷ್ಟಾಗಲು ಮೂರು ದಶಕಕ್ಕೂ ಮೇಲೆ ಬೇಕಾಯಿತು.

ಅವಳ ಕಾಲಿನಲ್ಲಿದ್ದ ಉಂಗುರ ಆ ಲೆಕ್ಕದ್ದು. ಅದು ಯಾರೋ ಒಬ್ಬರು ಮರ ಹತ್ತಿ, ಗೂಡಿನಿಂದ ಮರಿ ತೆಗೆದು, ಉಂಗುರ ತೊಡಿಸಿ, ಮತ್ತೆ ಒಳಗಿಟ್ಟು ಬಂದ ಗುರುತು.

ಕೆಳಗಿನ ಕಮರಿಯಿಂದ ಗಂಡು ಕೂಗಿತು. ಅವಳು ಅರ್ಧ ತಿಂದ ಎಲೆ ಬಿಟ್ಟು ಹಾರಿಹೋದಳು. ಆ ಎಲೆ ನನ್ನ ಡೈರಿಯಲ್ಲಿದೆ. ಫೋಟೋ ಮೊದಲ ಕಾಮೆಂಟಿನಲ್ಲಿ ಹಾಕಿದ್ದೇನೆ. ಆ ಬಸ್ಸಿನಲ್ಲಿದ್ದ ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ದೊಡ್ಡದು ಮಾಡಿ ಕೊಕ್ಕು ನೋಡಿ.