ಟೀ ಅಂಗಡಿ ಪರೀಕ್ಷಾ ಮಂಡಳಿ

ಮೇ ತಿಂಗಳಲ್ಲಿ ಹಾಸನದಲ್ಲಿ ಎರಡು ಫಲಿತಾಂಶ ಹೊರಬೀಳುತ್ತವೆ. ಒಂದು ಎಸ್ಸೆಸ್ಸೆಲ್ಸಿಯದು, ಅದನ್ನು ಸರ್ಕಾರದ ಮಂಡಳಿ ಪ್ರಕಟಿಸುತ್ತದೆ. ಇನ್ನೊಂದು ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಮ್ಯಾಂಚೆಸ್ಟರ್ ಯುನೈಟೆಡ್‌ನ ಹೊಸ ಹುಡುಗರದು, ಅದನ್ನು ಎನ್.ಆರ್. ವೃತ್ತದ ಆಸುಪಾಸಿನ ಒಂದು ಟೀ ಅಂಗಡಿ ಪ್ರಕಟಿಸುತ್ತದೆ. ಮೊದಲನೆಯದಕ್ಕೆ ಉತ್ತರಪತ್ರಿಕೆ, ಕೀ ಉತ್ತರ, ಮುಖ್ಯ ಮೌಲ್ಯಮಾಪಕ, ಉಪ ಮುಖ್ಯ ಮೌಲ್ಯಮಾಪಕ ಎಂದೆಲ್ಲ ರಗಳೆ. ಎರಡನೆಯದಕ್ಕೆ ಬೈಟು ಟೀ ಇದ್ದರೆ ಸಾಕು.

ಟೀ ಅಂಗಡಿ ಮಂಡಳಿಯ ಅಧ್ಯಕ್ಷರು ನಿವೃತ್ತ ಗಣಿತ ಮೇಷ್ಟ್ರು. ಜೀವಮಾನವೆಲ್ಲ ಪೇಪರ್ ತಿದ್ದಿದ ಕೈ, ನಿವೃತ್ತಿಯಾದರೂ ತುರಿಕೆ ನಿಂತಿಲ್ಲ. ಸದಸ್ಯರಲ್ಲಿ ಒಬ್ಬ ಬಿತ್ತನೆ ಆಲೂಗಡ್ಡೆ ವ್ಯಾಪಾರಿ, ಇನ್ನೊಬ್ಬ ಮೂರು ವಿಷಯ ಬಾಕಿ ಇಟ್ಟುಕೊಂಡಿರುವ ಎಂಜಿನಿಯರಿಂಗ್ ಹುಡುಗ, ಮತ್ತೊಬ್ಬ ಮೊಬೈಲ್ ರಿಪೇರಿಯವನು. ನಾಲ್ವರಲ್ಲಿ ಯಾರೂ ಮ್ಯಾಂಚೆಸ್ಟರ್ ನೋಡಿಲ್ಲ, ತಪ್ಪೇನಿಲ್ಲ. ಮೂವರು ಫುಟ್‌ಬಾಲನ್ನು ಕಾಲಲ್ಲಿ ಮುಟ್ಟಿಯೂ ಇಲ್ಲ, ಅದಕ್ಕೂ ಅಡ್ಡಿಯಿಲ್ಲ. ಆದರೆ ಬಾಯಿ ತೆರೆದರೆ "ನಾವು ಜನವರೀಲೇ ಒಬ್ಬ ಸ್ಟ್ರೈಕರ್ ತರ್ಬೇಕಿತ್ತು", "ಎಡಗಡೆ ವಿಂಗ್‌ಬ್ಯಾಕ್ ಇಲ್ದೆ ಸತ್ತೋದ್ವಿ ನಾವು". ಟೀ ದುಡ್ಡು ಕೊಡುವ ಹೊತ್ತಿಗೆ ಮಾತ್ರ ಕ್ಲಬ್ಬಿನ ಆಡಳಿತ ಬೇರೆಯವರ ಕೈಗೆ ಹೋಗುತ್ತದೆ.

2024-25ರ ಸೀಸನ್ ಈ ಮಂಡಳಿಯ ಪಾಲಿಗೆ ಸುಗ್ಗಿ. 38 ಪಂದ್ಯಗಳಲ್ಲಿ 18 ಸೋಲು, 42 ಅಂಕ, 20 ತಂಡಗಳ ಪ್ರೀಮಿಯರ್ ಲೀಗ್‌ನಲ್ಲಿ 15ನೇ ಸ್ಥಾನ. ಅಕ್ಟೋಬರ್‌ನಲ್ಲಿ ಕೋಚ್ ಟೆನ್ ಹಾಗ್‌ ಅವರನ್ನು ಮನೆಗೆ ಕಳಿಸಿ ಅಮೋರಿಮ್‌ ಅವರನ್ನು ತಂದರು. ಅವರೋ, ಜನವರಿಯಲ್ಲಿ ಬ್ರೈಟನ್ ಎದುರು ಸೋತ ಮೇಲೆ, ಕ್ಲಬ್ಬಿನ ಚರಿತ್ರೆಯಲ್ಲೇ ಬಹುಶಃ ಇದೇ ಅತಿ ಕೆಟ್ಟ ತಂಡ ಅಂತ ತಾವೇ ಹೇಳಿಬಿಟ್ಟರು. ಹೆಡ್‌ಮೇಷ್ಟ್ರೇ ಹೀಗೆ ಷರಾ ಬರೆದ ಮೇಲೆ ನಮ್ಮ ಮೇಷ್ಟ್ರ ಕೆಂಪು ಪೆನ್ನನ್ನು ಹಿಡಿಯುವವರು ಯಾರು? ಮೇ ತಿಂಗಳಲ್ಲಿ ಬಿಲ್ಬಾವೊದ ಯುರೋಪಾ ಲೀಗ್ ಫೈನಲ್. ನಮ್ಮಲ್ಲಿ ರಾತ್ರಿ ಹನ್ನೆರಡೂವರೆಗೆ ಶುರು. ಲೀಗ್‌ನಲ್ಲಿ 17ನೇ ಸ್ಥಾನಕ್ಕೆ ಹೋಗಿ ಬಿದ್ದ ಟಾಟನ್‌ಹ್ಯಾಮ್ ಕೈಲಿ 1-0 ಸೋಲು. ನಿದ್ದೆಗೆಟ್ಟ ಊರಿಗೆ ಬೆಳಿಗ್ಗೆ ಒಬ್ಬ ಅಪರಾಧಿ ಬೇಕಿತ್ತು.

ಹಳಬರನ್ನು ಬೈಯುವುದು ಕಷ್ಟ. ಅವರ ಹೆಸರಿನ ಜೆರ್ಸಿ ಕೊಂಡು ಆಗಿದೆ. ಹೊಸ ಹುಡುಗರ ಹೆಸರು ಇನ್ನೂ ಯಾರ ಬೆನ್ನ ಮೇಲೂ ಅಚ್ಚಾಗಿಲ್ಲ, ಹಾಗಾಗಿ ಬೈದರೆ ನಷ್ಟವಿಲ್ಲ.

ಮೇಷ್ಟ್ರ ಬಳಿ ಇನ್ನೂರು ಪುಟದ ಒಂದು ನೋಟ್‌ಬುಕ್ ಇದೆ. ಸ್ಕೇಲಿಟ್ಟು ಗೆರೆ ಎಳೆದು ಕಾಲಂ ಮಾಡಿದ್ದಾರೆ: ಹೆಸರು, ವಯಸ್ಸು, ಕೊಂಡ ಬೆಲೆ, ಅಂಕ, ಷರಾ. ಅಂಕ ಹತ್ತಕ್ಕೆ. ಷರಾ ಕಾಲಂನಲ್ಲಿ "ಸಾಧಾರಣ", "ಗಮನ ಸಾಲದು", ಒಂದೆಡೆ "ಪೋಷಕರನ್ನು ಕರೆತರುವುದು". ಬೊಲೋನ್ಯಾದಿಂದ ಬಂದ ಝಿರ್ಕ್‌ಝೀ ಹೆಸರು ಮೇಷ್ಟ್ರ ಕೈಯಲ್ಲಿ ಆಗಸ್ಟ್‌ನಲ್ಲಿ "ಜಿರ್ಕಜಿ", ಡಿಸೆಂಬರ್‌ನಲ್ಲಿ "ಜರ್ಕಿ", ಜನವರಿಯಲ್ಲಿ "ಝಿರಕಿ". ಆಗಸ್ಟ್‌ನ ಜಿರ್ಕಜಿ ಮೊದಲ ಪಂದ್ಯದಲ್ಲೇ ಫುಲ್ಹಮ್ ಮೇಲೆ ಗೆಲುವಿನ ಗೋಲು ಹೊಡೆದು ಒಂಬತ್ತು ಅಂಕ ಪಡೆದ. ಡಿಸೆಂಬರ್ 30ರಂದು ನ್ಯೂಕ್ಯಾಸಲ್ ವಿರುದ್ಧ 33ನೇ ನಿಮಿಷಕ್ಕೇ ಹೊರಗೆ ಕರೆದಾಗ ಸ್ವಂತ ಮೈದಾನದ ಜನವೇ ಚಪ್ಪಾಳೆ ತಟ್ಟಿ ಕಳಿಸಿತಲ್ಲ, ಆ ಜರ್ಕಿಗೆ ಒಂದೂವರೆ. ಎರಡು ವಾರ ಕಳೆಯುವುದರೊಳಗೆ ಎಫ್‌ಎ ಕಪ್‌ನಲ್ಲಿ ಆರ್ಸೆನಲ್ ವಿರುದ್ಧ ಪೆನಾಲ್ಟಿ ಶೂಟೌಟ್‌ನ ಕೊನೆಯ ಒದೆತ ಒದ್ದು ಗೆಲ್ಲಿಸಿದ ಝಿರಕಿಗೆ ಎಂಟು. ಮೂವರೂ ಒಬ್ಬನೇ ಎಂದು ಮಂಡಳಿಗೆ ಗೊತ್ತಾದದ್ದು ಏಪ್ರಿಲ್‌ನಲ್ಲಿ, ಮೂವರಲ್ಲಿ ಯಾರನ್ನು ಇಟ್ಟುಕೊಂಡು ಯಾರನ್ನು ಮಾರಬೇಕು ಎಂಬ ಚರ್ಚೆ ಬಂದಾಗ. ಮೇಷ್ಟ್ರು ವಿಚಲಿತರಾಗಲಿಲ್ಲ. "ಡಮ್ಮಿ ನಂಬರ್ ಹಾಕಿ ತಿದ್ದೋದೂ ಹಿಂಗೇನೇ, ಹೆಸರು ಗೊತ್ತಿರಬಾರದು" ಎಂದರು.

ಅಂಕ ಕೊಡುವ ವಿಧಾನದಲ್ಲಿ ಮಂಡಳಿಯ ಒಬ್ಬೊಬ್ಬರದೂ ಒಂದೊಂದು ಶಾಸ್ತ್ರ. ಎಂಜಿನಿಯರಿಂಗ್ ಹುಡುಗನದು ಅಂಕಿ ಅಂಶ, ಎಲ್ಲವನ್ನೂ "ಪ್ರತಿ 90 ನಿಮಿಷಕ್ಕೆ" ಎಂದು ಭಾಗಿಸುತ್ತಾನೆ. ಬದಲಿಯಾಗಿ ಬಂದು ಒಂಬತ್ತು ನಿಮಿಷ ಓಡಾಡಿ, ಒಂದು ಸಲ ಚೆಂಡು ಕಳೆದುಕೊಂಡ ಹುಡುಗ ಇವನ ಲೆಕ್ಕದಲ್ಲಿ ಹತ್ತು ಸಲ ಕಳೆದುಕೊಂಡಿರುತ್ತಾನೆ. ಮೊಬೈಲ್ ರಿಪೇರಿಯವನು ಪೂರ್ತಿ ಪಂದ್ಯ ನೋಡುವುದೇ ಇಲ್ಲ. ಮೂವತ್ತು ಸೆಕೆಂಡಿನ ರೀಲ್ಸ್ ನೋಡುತ್ತಾನೆ, ಅದೂ ಒಂದೂವರೆ ಪಟ್ಟು ವೇಗದಲ್ಲಿ. ಎಲ್ಲ ಆಟಗಾರರೂ ಅವಸರ ಮಾಡುತ್ತಾರೆ ಎಂಬುದು ಅವನ ಮುಖ್ಯ ತಕರಾರು.

ಆಲೂಗಡ್ಡೆ ವ್ಯಾಪಾರಿಯ ಶಾಸ್ತ್ರ ನೇರ: ಎಷ್ಟು ಕೊಟ್ಟರು, ಎಷ್ಟು ಬಂತು. ಲೆನಿ ಯೋರೋ ಎಂಬ 18ರ ಹುಡುಗನನ್ನು 2024ರ ಜುಲೈನಲ್ಲಿ ಲಿಲ್ ಕ್ಲಬ್ಬಿನಿಂದ ತಂದರು, 52 ಮಿಲಿಯನ್ ಪೌಂಡ್. ಅದೇ ತಿಂಗಳು ಸ್ನೇಹಪಂದ್ಯದಲ್ಲಿ ಪಾದದ ಮೂಳೆ ಮುರಿಯಿತು, ಯುನೈಟೆಡ್‌ಗೆ ಲೀಗ್‌ನಲ್ಲಿ ಮೊದಲ ಸಲ ಆಡಿದ್ದು ಡಿಸೆಂಬರ್‌ನಲ್ಲಿ. "ಐನೂರು ಕೋಟಿ ಮೇಲೆ ಕೊಟ್ಟು ತಂದ ಬೀಜ ಸಾ, ಅರ್ಧ ವರ್ಸ ಮೊಳಕೇನೇ ಬರ್ಲಿಲ್ಲ! ಕೊಟ್ಟೋನ್ ಕಾಲರ್ ಹಿಡ್ಕಂಡು ದುಡ್ಡು ವಾಪಸ್ ಇಸ್ಕಬೇಕು." ಇದನ್ನು ಹೇಳುವಾಗ ಅವನ ಫೋನ್ ಬಡಿದುಕೊಳ್ಳುತ್ತಲೇ ಇತ್ತು. ಮೇ ಎಂದರೆ ಹಾಸನದ ಎಪಿಎಂಸಿಯಲ್ಲಿ ಬಿತ್ತನೆ ಆಲೂಗಡ್ಡೆಯ ಕಾಲ. ಜಲಂಧರ್‌ನಿಂದ ಲಾರಿಗಟ್ಟಲೆ ಮೂಟೆ ಬರುತ್ತದೆ, ರೈತ ಸಾಲ ಮಾಡಿ ಒಯ್ಯುತ್ತಾನೆ, ಮಳೆ ಕೈಕೊಟ್ಟರೆ ಕೊಳೆಯುತ್ತದೆ, ಮಳೆ ಹೆಚ್ಚಾದರೆ ಅಂಗಮಾರಿ. ಒಂದು ಕಾಲಕ್ಕೆ ಜಿಲ್ಲೆಯ ತುಂಬಾ ಆಲೂಗಡ್ಡೆಯೇ ಇತ್ತು, ಆ ರೋಗದ ಕಾಟಕ್ಕೆ ಎಷ್ಟೋ ಹೊಲ ಮೆಕ್ಕೆಜೋಳಕ್ಕೂ ಶುಂಠಿಗೂ ತಿರುಗಿದೆ. ಫೋನಿನ ಆ ಕಡೆ ಯಾವನೋ ರೈತ. ನಮ್ಮ ವ್ಯಾಪಾರಿ ಧ್ವನಿ ಇಳಿಸಿ, ಬಹಳ ಮೃದುವಾಗಿ ಹೇಳುತ್ತಿದ್ದ: "ಅಂಗೆಲ್ಲ ಬೀಜುಕ್ಕೆ ದೂರಬಾರ್ದು ಯಜಮಾನ್ರೇ. ನೆಲ ಹೊಸದು, ಹವಾ ಹೊಸದು. ಹೊಂದ್ಕಳಕೆ ಟೈಮ್ ಬೇಡ್ವಾ ಅದುಕ್ಕೆ?"

ಫೋನಿಟ್ಟು, "ಎಲ್ಲಿದ್ವಿ? ಯೋರೋ. ಎರಡು ಹಾಕಿ ಸಾ."

ಫೆಬ್ರವರಿಯಲ್ಲಿ ಲೆಚ್ಚೆಯಿಂದ ಬಂದ ಡೋರ್ಗು ತಿಂಗಳು ತುಂಬುವ ಮೊದಲೇ ಇಪ್ಸ್‌ವಿಚ್ ವಿರುದ್ಧ ಕೆಂಪು ಕಾರ್ಡ್ ಪಡೆದ. ಅವನ ಮುಂದೆ "ಡಿಬಾರ್" ಎಂದು ಬರೆದಿದೆ. ಆ ಪಂದ್ಯವನ್ನು ಹತ್ತೇ ಜನ ಆಡಿ 3-2ರಲ್ಲಿ ಗೆದ್ದರು ಎಂಬುದು ಎಲ್ಲೂ ಇಲ್ಲ. ಗೆಲುವಿಗೆ ಕಾಲಂ ಮಾಡಿಲ್ಲ.

ಆದರೆ ಮಂಡಳಿ ನಿರ್ದಯಿಯೆಂದು ತಿಳಿಯಬೇಡಿ. ಗ್ರೇಸ್ ಅಂಕದ ಸೌಲಭ್ಯವಿದೆ. ಸರ್ಕಾರ 2024ರಲ್ಲಿ ಎಸ್ಸೆಸ್ಸೆಲ್ಸಿಗೆ ಗ್ರೇಸ್ ಅಂಕವನ್ನು ಶೇ. 10ರಿಂದ 20ಕ್ಕೆ ಏರಿಸಿ, ಬೈಸಿಕೊಂಡು, ಮರುವರ್ಷ ನಿಲ್ಲಿಸಿತು. ಫಲಿತಾಂಶ ಶೇ. 66.14ಕ್ಕೆ ಇಳಿಯಿತು. ಮೇಷ್ಟ್ರು ನಿಲ್ಲಿಸಿಲ್ಲ. ಅವರ ಗ್ರೇಸ್ ಸಲ್ಲುವುದು ದೊಡ್ಡ ಹೆಸರಿಗೆ, ದೊಡ್ಡ ಸಂಬಳಕ್ಕೆ. ಮೂವತ್ತು ದಾಟಿದವನು ತಪ್ಪು ಪಾಸ್ ಕೊಟ್ಟರೆ "ಅನುಭವ, ರಿಸ್ಕ್ ತಗೊಂಡ". ಹದಿನೇಳರ ಹುಡುಗ ಅದೇ ಪಾಸ್ ಕೊಟ್ಟರೆ "ತಳಪಾಯವೇ ಸರಿಯಿಲ್ಲ".

ಹದಿನೇಳರ ಆ ಹುಡುಗನ ಹೆಸರು ಚಿಡೋ ಓಬಿ. 2007ರ ನವೆಂಬರ್‌ನಲ್ಲಿ ಹುಟ್ಟಿದವನು. ಹಾಸನದಲ್ಲಿ ಹುಟ್ಟಿದ್ದರೆ ಆಗ ಪಿಯುಸಿ ಓದುತ್ತಾ, ಟ್ಯೂಷನ್‌ಗೆ ಸ್ಕೂಟರ್‌ನಲ್ಲಿ ಮೂರು ಜನ ಹೋಗಿ ಪೊಲೀಸರ ಕೈಗೆ ಸಿಕ್ಕಿಬೀಳುವ ವಯಸ್ಸು. 2025ರ ಮೇ 4ರಂದು ಬ್ರೆಂಟ್‌ಫರ್ಡ್ ವಿರುದ್ಧ ಆರಂಭದಿಂದಲೇ ಆಡಿದ. ಪ್ರೀಮಿಯರ್ ಲೀಗ್‌ನಲ್ಲಿ ಯುನೈಟೆಡ್ ಪರ ಇಷ್ಟು ಚಿಕ್ಕ ವಯಸ್ಸಿಗೆ ಹನ್ನೊಂದರ ಬಳಗದಲ್ಲಿ ಕಣಕ್ಕಿಳಿದವರು ಬೇರೆ ಯಾರೂ ಇರಲಿಲ್ಲ. ತಂಡ 4-3ರಲ್ಲಿ ಸೋತಿತು, ಅವನು ಗೋಲು ಹೊಡೆಯಲಿಲ್ಲ.

ಇದಕ್ಕೆ ಎರಡು ದಿನ ಮೊದಲು, ಮೇ 2ಕ್ಕೆ, ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಿತ್ತು. ವ್ಯಾಪಾರಿಯ ಮಗ ಎರಡು ವಿಷಯದಲ್ಲಿ ಫೇಲಾಗಿ ಕೂತಿದ್ದ. ಅಂದು ಟೀ ಅಂಗಡಿಯಲ್ಲಿ ವ್ಯಾಪಾರಿ ಆಡಿದ ಮಾತುಗಳನ್ನು ಯಾವುದಾದರೂ ಶಿಕ್ಷಣ ಸಮಾವೇಶದಲ್ಲಿ ಆಡಿದ್ದರೆ ಶಾಲು, ಹಾರ ಖಚಿತ. "ಹದಿನಾರು ವರ್ಸದ ಮಗ ಸಾ. ಒಂದು ಪರೀಕ್ಸೆ ಇಟ್ಕಂಡು ಜೀವ್ನ ಅಳೆಯಕಾಯ್ತದಾ? ಒತ್ತಡ ಹಾಕ್ಬಾರ್ದು. ಹೆಂಗೂ ಪರೀಕ್ಸೆ-2 ಐತೆ, ಅದೂ ಹೋದ್ರೆ 3 ಐತೆ." ಮೇಷ್ಟ್ರೂ ತಲೆಯಾಡಿಸಿ, ಕೆಲವು ಮಕ್ಕಳು ನಿಧಾನಕ್ಕೆ ಅರಳುತ್ತವೆ ಎಂದರು. ಎಂಜಿನಿಯರಿಂಗ್ ಹುಡುಗನ ಕಣ್ಣಲ್ಲಿ ನೀರೇ ಬಂತು, ಅವನ ಕಾರಣ ಬೇರೆ.

ಮೇ 5ರ ಬೆಳಿಗ್ಗೆ ಅದೇ ಬೆಂಚು, ಅದೇ ನಾಲ್ವರು. "ಓಬಿ?" "ಮಾರ್ಬುಡಿ ಸಾ. ನೋಡಿದ್ರೇ ಗೊತ್ತಾಯ್ತದೆ, ಇವ್ನ ಹಣೇಬರ ಇಷ್ಟೇಯ."

ಇಂಥ ಸಂದರ್ಭದಲ್ಲಿ ಚರಿತ್ರೆ ಹೇಳುವುದು ನನ್ನ ಕೆಟ್ಟ ಚಾಳಿ. ಡಿಯೆಗೊ ಫೋರ್ಲಾನ್ 2002ರ ಜನವರಿಯಲ್ಲಿ ಇದೇ ಯುನೈಟೆಡ್‌ಗೆ ಬಂದವನು ಮೊದಲ ಗೋಲು ಹೊಡೆದದ್ದು ಸೆಪ್ಟೆಂಬರ್‌ನಲ್ಲಿ, ಅದೂ ಪೆನಾಲ್ಟಿ. 2010ರ ವಿಶ್ವಕಪ್‌ನ ಶ್ರೇಷ್ಠ ಆಟಗಾರನ ಚಿನ್ನದ ಚೆಂಡು ಅವನ ಕೈಗೇ ಬಂತು ಎಂದೆ. "ಅದು ಹಳೇ ಸಿಲಬಸ್" ಎಂದರು ಮೇಷ್ಟ್ರು. ತಿರುಗಿಸಿ ಹೇಳಿದೆ. 2009ರಲ್ಲಿ 17ರ ಮಕೇಡಾ ಮೊದಲ ಪಂದ್ಯದಲ್ಲೇ, ಕೊನೆಯ ಗಳಿಗೆಯಲ್ಲಿ, ಆಸ್ಟನ್ ವಿಲ್ಲಾ ಮೇಲೆ ಗೆಲುವಿನ ಗೋಲು ಹೊಡೆದ. ಆವತ್ತು ನಿಮ್ಮ ನೋಟ್‌ಬುಕ್ ಇದ್ದಿದ್ದರೆ ಹತ್ತಕ್ಕೆ ಹನ್ನೊಂದು. ಆಮೇಲೆ ಆ ಹೆಸರು ಎಷ್ಟು ಕೇಳಿದಿರಿ? "ನೋಡಿದ್ರಾ, ಹುಡುಗರನ್ನ ನಂಬಬಾರದು ಅಂತ ಅದಕ್ಕೇ ಹೇಳೋದು" ಎಂದು ವ್ಯಾಪಾರಿ ನನ್ನ ಮಾತನ್ನೇ ಮೂಟೆ ಕಟ್ಟಿಕೊಂಡ.

ಕೊನೆಯ ಅಸ್ತ್ರವಾಗಿ ನಮ್ಮ ಜಿಲ್ಲೆಯ ಜಾವಗಲ್‌ನ ಹೆಸರನ್ನೇ ಎತ್ತಿದೆ. ಶ್ರೀನಾಥ್ 1991ರಲ್ಲಿ ಬ್ರಿಸ್ಬೇನ್‌ನಲ್ಲಿ ಟೆಸ್ಟ್‌ಗೆ ಕಾಲಿಟ್ಟವರು, ತವರು ನೆಲದಲ್ಲಿ ಮೊದಲ ಟೆಸ್ಟ್ ಸಿಕ್ಕಿದ್ದು 1994ರಲ್ಲಿ. ನಡುವೆ ತವರಿನಲ್ಲಿ ಸ್ಪಿನ್ ಪಿಚ್‌ಗಳ ಕಾಲ, ಬೆಂಚು ಕಾಯ್ದರು. ಕೊನೆಗೆ ಒಟ್ಟು 236 ಟೆಸ್ಟ್ ವಿಕೆಟ್. ತವರಲ್ಲಿ ಬೆಂಚು ಕಾಯ್ದ ಆ ಮೂರು ವರ್ಷಕ್ಕೆ ಎಷ್ಟು ಅಂಕ ಕೊಡುತ್ತೀರಿ? ಇದೊಂದಕ್ಕೆ ಮಂಡಳಿ ಒಂದು ಗಳಿಗೆ ಮೌನವಾಯಿತು. ಆಮೇಲೆ ಮೊಬೈಲ್ ರಿಪೇರಿಯವನು "ಅದು ಕ್ರಿಕೆಟ್" ಎಂದ. ಉಳಿದವರಿಗೂ ಉಸಿರು ಬಂತು.

ಬೆಂಗಳೂರು ಎಫ್‌ಸಿಯ ವಿಷಯ ತೆಗೆದಿದ್ದೂ ದಂಡ. 2024ರ ಸೆಪ್ಟೆಂಬರ್‌ನಲ್ಲಿ 19ರ ವಿನಿತ್ ವೆಂಕಟೇಶ್ ಇಂಡಿಯನ್ ಸೂಪರ್ ಲೀಗ್‌ನ ತನ್ನ ಮೊದಲ ಪಂದ್ಯದಲ್ಲೇ ಈಸ್ಟ್ ಬೆಂಗಾಲ್ ಮೇಲೆ ಗೋಲು ಹೊಡೆದು ಗೆಲ್ಲಿಸಿದ, ತಂಡ ಏಪ್ರಿಲ್‌ನಲ್ಲಿ ಫೈನಲ್‌ವರೆಗೂ ಹೋಯಿತು. ಹಾಸನದಿಂದ ರೈಲು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಆ ಊರು. "ಹೌದಾ?" ಎಂದರು ನಾಲ್ವರೂ, ನೆಂಟರ ಊರಿನ ಮಳೆ ಸುದ್ದಿ ಕೇಳಿದವರಂತೆ.

ಮಂಡಳಿಯ ಅಸಲಿ ಕಸುಬು ಕಂಡದ್ದು ಏಪ್ರಿಲ್ 17ರಂದು ಫ್ರಾನ್ಸಿನ ಲಿಯೋನ್ ಕ್ಲಬ್ ವಿರುದ್ಧದ ಯುರೋಪಾ ಲೀಗ್ ಪಂದ್ಯದಲ್ಲಿ. ಯುನೈಟೆಡ್ ಎರಡು ಗೋಲು ಮುಂದಿದ್ದು, ಆಮೇಲೆ 4-2 ಹಿಂದೆ ಬಿದ್ದು, ಹೆಚ್ಚುವರಿ ಸಮಯವೂ ಮುಗಿಯುತ್ತಾ ಬಂದಿತ್ತು. ನಮ್ಮ ಗಡಿಯಾರದಲ್ಲಿ ಬೆಳಗಿನ ಜಾವ ಮೂರು. ಕೋಬಿ ಮೈನೂ ಹೊಸಬನಲ್ಲ, ಆದರೂ ಇನ್ನೂ ಹತ್ತೊಂಬತ್ತು. ಅಲ್ಲಿಯವರೆಗೆ ಅವನಿಗೆ ಮೂರು ಅಂಕ, ಷರಾ: "ಹಿಂದಿನ ವರ್ಷದ ಹುಡುಗ ಇವನಲ್ಲ". ಒಂದು ಪೆನಾಲ್ಟಿಯಿಂದ 4-3 ಆಗಿದ್ದನ್ನು 120ನೇ ನಿಮಿಷದಲ್ಲಿ ಅವನು ಸಮ ಮಾಡಿದ, ಮರುನಿಮಿಷ ಮ್ಯಾಗ್ವಾಯರ್ ತಲೆಕೊಟ್ಟು 5-4. ಬೆಳಿಗ್ಗೆ ನೋಡಿದರೆ ಮೂರರ ಎಡಕ್ಕೂ ಬಲಕ್ಕೂ ಕೆಂಪು ಶಾಯಿ ಬಳಿದು ಎಂಟು ಮಾಡಲಾಗಿತ್ತು. "ನಾನು ಮೊದಲೇ ಹೇಳಿರಲಿಲ್ವಾ" ಎಂದು ನಾಲ್ವರೂ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. 2019ರಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ಶೇ. 89.33 ಪಡೆದು ಹಾಸನ ರಾಜ್ಯಕ್ಕೇ ಮೊದಲು ಬಂದಾಗ ಆ ಕೀರ್ತಿಗೆ ಎಷ್ಟು ಜನ ವಾರಸುದಾರರು ಹುಟ್ಟಿಕೊಂಡರೆಂದು ಬಲ್ಲ ಊರಿದು. ಇಲ್ಲಿ ಯಾರಿಗೂ ಅಚ್ಚರಿಯಾಗಲಿಲ್ಲ.

ಸೀಸನ್ ಮುಗಿಯಿತು. ಕೊನೆಯ ದಿನ ಆಸ್ಟನ್ ವಿಲ್ಲಾ ಮೇಲೆ 2-0 ಗೆದ್ದರೂ ಅದನ್ನು ಮಂಡಳಿ ಪರಿಗಣಿಸಲಿಲ್ಲ, ಫಲಿತಾಂಶದ ಪಟ್ಟಿ ಆಗಲೇ ಸಿದ್ಧವಾಗಿತ್ತು. ಹೊಸಬರೆಲ್ಲ ಸಾರಾಸಗಟಾಗಿ ಫೇಲು. ಮರು ಮೌಲ್ಯಮಾಪನಕ್ಕೆ ಅವಕಾಶವಿದೆಯೇ ಎಂದು ಕೇಳಿದೆ. ಅರ್ಜಿದಾರ ಖುದ್ದು ಹಾಜರಾಗಬೇಕು, ಟೀ ಅವನೇ ಕೊಡಿಸಬೇಕು ಎಂದರು.

ಅಷ್ಟರಲ್ಲಿ ಎಂಜಿನಿಯರಿಂಗ್ ಹುಡುಗ ಫೋನ್ ಎತ್ತಿಕೊಂಡು ಓಡಿ ಬಂದ. ವುಲ್ವ್ಸ್‌ನಿಂದ ಕುನ್ಯಾ ಬರ್ತಾನಂತೆ, 62.5 ಮಿಲಿಯನ್ ಪೌಂಡ್ ಅಂತೆ. ಬೆಂಚಿನ ಮೇಲೆ ಮಿಂಚು ಹರಿಯಿತು. ಮೇಷ್ಟ್ರು ಹೊಸ ಪುಟ ತೆಗೆದು, ಸ್ಕೇಲಿಟ್ಟು ಗೆರೆ ಎಳೆದರು.

"ಒಂಬತ್ತು ಹಾಕಿ ಸಾ" ಎಂದ ವ್ಯಾಪಾರಿ.

"ಅವನು ಇನ್ನೂ ಬಂದೇ ಇಲ್ವಲ್ಲಯ್ಯ?"

"ಅದ್ಕೇ ಒಂದು ಕಮ್ಮಿ ಹಾಕ್ಸಿರೋದು."